ಅಕ್ಕಪಕ್ಕದ ಎರಡು ಬಡಾವಣೆಗಳು: ಶಿಕಾಗೋ, 1995

1995ರ ಜುಲೈ 13, ಗುರುವಾರ. ಅಮೆರಿಕದ ಶಿಕಾಗೋ ನಗರದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣಮಾಪಕ 41 ಡಿಗ್ರಿ ಸೆಲ್ಸಿಯಸ್ ತೋರಿಸಿತು. ರಾಯಚೂರು, ಕಲಬುರಗಿ ಕಡೆಯ ವಿದ್ಯಾರ್ಥಿಗಳು ಇದನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ. ಮೇ ತಿಂಗಳಲ್ಲಿ ಅವರಿಗೆ ಇದು ನಿತ್ಯದ ಮಾತು. ಆದರೆ ಶಿಕಾಗೋದಲ್ಲಿ ಆ ಒಂದು ವಾರದ ಸೆಖೆಗೆ ಬಲಿಯಾದವರು ಏಳುನೂರಕ್ಕೂ ಹೆಚ್ಚು ಜನ. ಸತ್ತವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು 65 ವರ್ಷ ದಾಟಿದವರು. ಅನೇಕರು ಬಾಗಿಲು ಕಿಟಕಿ ಮುಚ್ಚಿಕೊಂಡು, ಕೋಣೆಯಲ್ಲಿ ಒಬ್ಬರೇ ಇದ್ದಾಗ ಸತ್ತಿದ್ದರು. ಪ್ರಪಂಚದ ಅತ್ಯಂತ ಶ್ರೀಮಂತ ದೇಶವೊಂದರ ದೊಡ್ಡ ನಗರದಲ್ಲಿ ಹೀಗೇಕಾಯಿತು?

ಮೊದಲು ವಿಜ್ಞಾನದ ಮಾತು. ನಮ್ಮ ದೇಹ ತಣ್ಣಗಾಗುವುದು ಬೆವರು ಆವಿಯಾಗುವುದರಿಂದ. ಗಾಳಿಯಲ್ಲಿ ಆಗಲೇ ನೀರಿನ ಅಂಶ ತುಂಬಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಆ ವಾರ ಶಿಕಾಗೋದ ಗಾಳಿಯಲ್ಲಿ ತೇವ ವಿಪರೀತವಾಗಿತ್ತು; ದೇಹಕ್ಕೆ 50 ಡಿಗ್ರಿ ದಾಟಿದಂತೆ ಅನಿಸುತ್ತಿತ್ತು. ಹಗಲಿಗಿಂತ ರಾತ್ರಿಯೇ ಹೆಚ್ಚು ಕ್ರೂರವಾಗಿತ್ತು ಎನ್ನಬೇಕು. ಹಗಲಿಡೀ ಕಾದ ಇಟ್ಟಿಗೆ ಕಟ್ಟಡಗಳು ರಾತ್ರಿಯಲ್ಲೂ ಆರಲಿಲ್ಲ. ದೇಹಕ್ಕೆ ಚೇತರಿಸಿಕೊಳ್ಳಲು ಬಿಡುವೇ ಸಿಗಲಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆ, ಬೆವರುವುದೂ ಕಡಿಮೆ. ಹೃದ್ರೋಗಕ್ಕೂ ಮನೋರೋಗಕ್ಕೂ ಕೊಡುವ ಕೆಲವು ಔಷಧಿಗಳು ಇದನ್ನು ಇನ್ನಷ್ಟು ಕೆಡಿಸುತ್ತವೆ. ತಲೆ ಸುತ್ತಿ ಮಂಕು ಕವಿದಾಗ ತನಗೆ ಏನಾಗುತ್ತಿದೆ ಎಂಬುದು ಆ ವ್ಯಕ್ತಿಗೇ ತಿಳಿಯುವುದಿಲ್ಲ. ಆಗ ನೀರು ಕೊಡಲು, ಆಸ್ಪತ್ರೆಗೆ ಕರೆದೊಯ್ಯಲು ಇನ್ನೊಬ್ಬರು ಬೇಕು.

ಶವಾಗಾರದಲ್ಲಿ ಜಾಗ ಸಾಲದೆ ಶೀತಲೀಕರಿಸಿದ ದೊಡ್ಡ ಲಾರಿಗಳನ್ನು ತರಿಸಿ ಅಂಗಳದಲ್ಲಿ ನಿಲ್ಲಿಸಬೇಕಾಯಿತು. ಸಾವುಗಳನ್ನು ಪರೀಕ್ಷಿಸುತ್ತಿದ್ದ ಮುಖ್ಯ ವೈದ್ಯಾಧಿಕಾರಿ ಎಡ್ಮಂಡ್ ಡಾನಹ್ಯೂ ಇವು ಸೆಖೆಯಿಂದಾದ ಸಾವುಗಳೆಂದು ದಾಖಲಿಸಿದಾಗ ಮೇಯರ್ ರಿಚರ್ಡ್ ಡೇಲಿ ಆ ಲೆಕ್ಕವನ್ನೇ ಸಂಶಯಿಸಿದರು. ವಯಸ್ಸಾದವರು ಹೇಗೂ ಸಾಯುತ್ತಿದ್ದರಲ್ಲವೇ ಎಂಬ ವಾದ ಎಲ್ಲ ಕಾಲದಲ್ಲೂ ಸುಲಭವಾಗಿ ಸಿಗುತ್ತದೆ. ಇದಕ್ಕೆ ಉತ್ತರ ಸರಳ ಅಂಕಗಣಿತದಲ್ಲಿದೆ. ಜುಲೈ ತಿಂಗಳ ಅದೇ ದಿನಗಳಲ್ಲಿ ಸಾಮಾನ್ಯವಾಗಿ ಎಷ್ಟು ಜನ ಸಾಯುತ್ತಾರೆ ಎಂಬುದನ್ನು ಹಿಂದಿನ ವರ್ಷಗಳ ದಾಖಲೆಯಿಂದ ತಿಳಿದು, ಈ ವರ್ಷದ ಸಂಖ್ಯೆಯಿಂದ ಕಳೆಯಬೇಕು. ಹೀಗೆ ಕಳೆದಾಗ ಜುಲೈ 14ರಿಂದ 20ರವರೆಗೆ ಉಳಿದದ್ದು 739. ವೈದ್ಯಾಧಿಕಾರಿಯ ಲೆಕ್ಕ ಹೆಚ್ಚಾಗಿರಲಿಲ್ಲ, ಕಡಿಮೆಯೇ ಆಗಿತ್ತು.

ದೂರದರ್ಶಕದಲ್ಲಿ ಕೆಲಸ ಮಾಡುವ ನನಗೆ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಆ ವಾರದ ಚಿತ್ರಗಳೆಂದು ಉಳಿದಿರುವುದು ಬೀದಿಯ ಅಗ್ನಿಶಾಮಕ ಕೊಳಾಯಿ ತೆರೆದು ನೀರಾಡುವ ಮಕ್ಕಳು ಮತ್ತು ಶವಾಗಾರದ ಲಾರಿಗಳು. ಇವೆರಡರ ನಡುವೆ ನಡೆದದ್ದನ್ನು ಕ್ಯಾಮೆರಾ ಹಿಡಿಯಲಾರದು. ಮೂರನೆಯ ಮಹಡಿಯ ಕೋಣೆಯಲ್ಲಿ ಒಬ್ಬ ಮುದುಕನ ಬಾಗಿಲನ್ನು ಮೂರು ದಿನ ಯಾರೂ ತಟ್ಟಲಿಲ್ಲ ಎಂಬುದಕ್ಕೆ ದೃಶ್ಯವೆಲ್ಲಿದೆ?

ಕ್ಯಾಮೆರಾಕ್ಕೆ ಸಿಗದ ಇದನ್ನು ಅಳೆದು ನೋಡಿದವರು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು. ಸತ್ತವರ ಪೈಕಿ 339 ಜನರನ್ನು ಆರಿಸಿ, ಪ್ರತಿಯೊಬ್ಬರಿಗೂ ಅದೇ ಬಡಾವಣೆಯ, ಹೆಚ್ಚುಕಡಿಮೆ ಅದೇ ವಯಸ್ಸಿನ, ಬದುಕಿ ಉಳಿದ ಒಬ್ಬರನ್ನು ಜೋಡಿ ಮಾಡಿ ಹೋಲಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಬ್ಬರೇ ವಾಸಿಸುವವರಿಗೆ ಅಪಾಯ ಸುಮಾರು ಎರಡು ಪಟ್ಟು. ಹಾಸಿಗೆ ಹಿಡಿದವರಿಗೆ ಇನ್ನೂ ಹೆಚ್ಚು. ಮನೆಯಲ್ಲಿ ಹವಾನಿಯಂತ್ರಕ ಇದ್ದವರು ಉಳಿದರು. ಊರಿನಲ್ಲಿ ಸ್ನೇಹಿತರಿದ್ದವರು, ಚರ್ಚಿಗೋ ಸಂಘಕ್ಕೋ ಹೋಗಿ ನಾಲ್ಕು ಜನರ ನಡುವೆ ಕುಳಿತು ಬರುತ್ತಿದ್ದವರೂ ಹೆಚ್ಚಾಗಿ ಉಳಿದರು.

ಇಲ್ಲಿಗೆ ಒಂಟಿತನ ಕೊಲ್ಲುತ್ತದೆ ಎಂಬುದು ತಿಳಿಯಿತು. ಆದರೆ ಜನ ಒಂಟಿಯಾಗುವುದು ಹೇಗೆ? ಈ ಪ್ರಶ್ನೆ ಇತಿಹಾಸಕ್ಕೆ ಸೇರಿದ್ದು. ಇದನ್ನು ಹಿಡಿದು ಹೊರಟವರು ಶಿಕಾಗೋದವರೇ ಆದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್. 2002ರಲ್ಲಿ ಅವರ ಪುಸ್ತಕ ಹೊರಬಂತು. ನಗರದ ಪಶ್ಚಿಮ ಭಾಗದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಬಡಾವಣೆಗಳನ್ನು ಅವರು ಆರಿಸಿಕೊಂಡರು: ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡರಲ್ಲೂ ಒಂದೇ ಬಿಸಿಲು. ಬಡ ವೃದ್ಧರ ಪ್ರಮಾಣ, ಒಬ್ಬರೇ ವಾಸಿಸುವ ವೃದ್ಧರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಉತ್ತರದಲ್ಲಿ ಸೆಖೆಗೆ 19 ಜನ ಸತ್ತರು, ದಕ್ಷಿಣದಲ್ಲಿ 3 ಜನ. ಲಕ್ಷಕ್ಕೆ ಲೆಕ್ಕ ಹಾಕಿದರೆ 40 ಮತ್ತು 4.

ನಾರ್ತ್ ಲಾನ್‌ಡೇಲ್ ಹಿಂದೆ ಯಹೂದಿಗಳ ಬಡಾವಣೆಯಾಗಿತ್ತು. ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬಂದ ಕಪ್ಪು ಜನ 1950ರ ನಂತರ ಇಲ್ಲಿ ನೆಲೆಸತೊಡಗಿದಾಗ ಬಿಳಿಯರು ಹತ್ತೇ ವರ್ಷದಲ್ಲಿ ಜಾಗ ಖಾಲಿ ಮಾಡಿದರು. ಬ್ಯಾಂಕುಗಳು ಕಪ್ಪು ಜನರಿಗೆ ಗೃಹಸಾಲ ಕೊಡುತ್ತಿರಲಿಲ್ಲ. ದಲ್ಲಾಳಿಗಳು ಮನೆಯನ್ನು ದುಪ್ಪಟ್ಟು ಬೆಲೆಗೆ ಕಂತಿನ ಕರಾರಿನ ಮೇಲೆ ಮಾರುತ್ತಿದ್ದರು. ಕಂತು ತಪ್ಪಿದರೆ ಮನೆಯೂ ಹೋಯಿತು, ಕೊಟ್ಟ ಹಣವೂ ಹೋಯಿತು. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ವಸತಿ ಚಳವಳಿಗಾಗಿ ಶಿಕಾಗೋಗೆ ಬಂದಾಗ ಬಾಡಿಗೆಗೆ ಹಿಡಿದದ್ದು ಇದೇ ಬಡಾವಣೆಯ ಹಾಳುಬಿದ್ದ ಮನೆಯೊಂದನ್ನು. 1968ರ ಏಪ್ರಿಲ್‌ನಲ್ಲಿ ಅವರ ಕೊಲೆಯಾದಾಗ ಎದ್ದ ದಂಗೆಯಲ್ಲಿ ಇಲ್ಲಿನ ಅಂಗಡಿ ಬೀದಿ ಸುಟ್ಟುಹೋಯಿತು. ಸುಟ್ಟ ಅಂಗಡಿಗಳಲ್ಲಿ ಬಹಳಷ್ಟನ್ನು ಮತ್ತೆ ಯಾರೂ ಕಟ್ಟಲಿಲ್ಲ. ಸಿಯರ್ಸ್ ಕಂಪನಿ 1970ರ ದಶಕದಲ್ಲಿ ತನ್ನ ಕೇಂದ್ರ ಕಚೇರಿಯನ್ನು ನಗರದ ನಡುವಿನ ಗಗನಚುಂಬಿಗೆ ಸಾಗಿಸಿತು. ಸಮೀಪದ ಹಾಥಾರ್ನ್ ಕಾರ್ಖಾನೆ (ವಾಣಿಜ್ಯ ವಿದ್ಯಾರ್ಥಿಗಳು ಇದರ ಹೆಸರನ್ನು ಆಡಳಿತ ಶಾಸ್ತ್ರದ ಪಠ್ಯದಲ್ಲಿ ಓದಿರುತ್ತಾರೆ) 1980ರ ದಶಕದಲ್ಲಿ ಬಾಗಿಲು ಹಾಕಿತು. 1960ರಲ್ಲಿ ಸುಮಾರು 1,25,000 ಇದ್ದ ಜನಸಂಖ್ಯೆ 1990ರ ಹೊತ್ತಿಗೆ 47,000ಕ್ಕೆ ಇಳಿದಿತ್ತು.

ಹೋದವರು ದುಡಿಯುವ ವಯಸ್ಸಿನವರು. ಉಳಿದವರು ಹೋಗಲಾರದ ವೃದ್ಧರು. ಪಕ್ಕದ ಮನೆ ಖಾಲಿ, ಅದರ ಪಕ್ಕ ಹುಲ್ಲು ಬೆಳೆದ ನಿವೇಶನ, ಮೂಲೆಯಲ್ಲಿ ಮಾದಕ ವಸ್ತು ಮಾರುವವರು. ನಡೆದು ಹೋಗಿ ಹಾಲು, ರೊಟ್ಟಿ ತರುವ ಅಂಗಡಿ ಇಲ್ಲ. ಕಳ್ಳರ ಭಯಕ್ಕೆ ಕಿಟಕಿಯನ್ನೂ ತೆರೆಯದೆ ಒಳಗೇ ಉಳಿಯುವುದು ಅವರಿಗೆ ರೂಢಿಯಾಗಿತ್ತು. ವರ್ಷಗಳಿಂದ ಅವರನ್ನು ಕಾಪಾಡಿದ್ದ ಆ ಎಚ್ಚರಿಕೆಯೇ ಆ ವಾರ ಮುಳುವಾಯಿತು.

ಸೌತ್ ಲಾನ್‌ಡೇಲ್‌ನಲ್ಲಿ ಮೆಕ್ಸಿಕೋದಿಂದ ಬಂದವರು ತುಂಬಿಕೊಂಡಿದ್ದರು. 26ನೇ ರಸ್ತೆಯಲ್ಲಿ ಕಿರಾಣಿ, ಬೇಕರಿ, ತಳ್ಳುಗಾಡಿ, ಬೆಳಗಿನಿಂದ ರಾತ್ರಿಯವರೆಗೆ ಜನ. ಸೆಖೆ ತಾಳಲಾರದ ಮುದುಕಿ ಹೊರಗೆ ಬಂದು ತಣ್ಣನೆಯ ಅಂಗಡಿಯೊಂದರಲ್ಲಿ ಹೊತ್ತು ಕಳೆಯಬಹುದಾಗಿತ್ತು. ಇದು ಮೆಕ್ಸಿಕನ್ನರ ಕುಟುಂಬ ಪ್ರೀತಿಯ ಫಲ ಎಂದು ಕೆಲವರು ಹೇಳಿದರು. ಆದರೆ ಅಲ್ಲಿ ಮಕ್ಕಳು ದೂರ ಹೋಗಿ ಒಂಟಿಯಾಗಿ ಉಳಿದಿದ್ದ ಬಿಳಿಯ ವೃದ್ಧರೂ ಇದ್ದರು, ಅವರೂ ಬದುಕಿದರು. ಕುಟುಂಬ ಇಲ್ಲದವರನ್ನೂ ಆ ಬೀದಿ ಉಳಿಸಿತು ಎಂಬುದು ಕ್ಲಿನೆನ್‌ಬರ್ಗ್ ವಾದ. 19 ಮತ್ತು 3 ಸಣ್ಣ ಸಂಖ್ಯೆಗಳು, ಸತ್ತ ಒಬ್ಬೊಬ್ಬರ ಬದುಕನ್ನೂ ವಿಚಾರಿಸದೆ ಬಡಾವಣೆಯ ಮೇಲೆ ಹೊಣೆ ಹೊರಿಸುವುದು ಸರಿಯಲ್ಲ ಎಂದು ಮಿಚೆಲ್ ಡೂನಿಯರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮುಂದೆ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಜೋಡಿ ಹೋಲಿಕೆಯ ಫಲಿತಾಂಶದ ಜೊತೆಗಿಟ್ಟು ನೋಡಿದರೆ ಕ್ಲಿನೆನ್‌ಬರ್ಗ್ ಮಾತನ್ನು ತಳ್ಳಿಹಾಕುವುದು ಕಷ್ಟ ಎಂದು ನನಗನಿಸುತ್ತದೆ.

ಇನ್ನೊಂದು ಸಂಗತಿ ಯೋಚನೆಗೆ ಹಚ್ಚುತ್ತದೆ. ಶಿಕಾಗೋದಲ್ಲಿ ಒಬ್ಬರೇ ವಾಸಿಸುವ ವೃದ್ಧರಲ್ಲಿ ಹೆಂಗಸರೇ ಹೆಚ್ಚು. ಆದರೆ ಯಾರೂ ಬಂದು ಕೇಳದ ಶವಗಳಲ್ಲಿ ಹೆಚ್ಚಿನವು ಗಂಡಸರವು. ಹೆಂಗಸರು ಮಕ್ಕಳೊಡನೆ, ನೆರೆಯವರೊಡನೆ ಬಳಕೆ ಉಳಿಸಿಕೊಂಡಿದ್ದರು. ಕೆಲಸವೇ ಬದುಕಾಗಿದ್ದ ಗಂಡಸಿಗೆ ಕೆಲಸ ಹೋದ ಮೇಲೆ ಅಗ್ಗದ ವಸತಿಗೃಹದ ಒಂದು ಕೋಣೆ ಉಳಿದಿತ್ತು. ಹಾಗೆ ಸತ್ತವರ ಸಾಮಾನುಗಳನ್ನು ಸರ್ಕಾರಿ ಕಚೇರಿಯೊಂದು ಪೆಟ್ಟಿಗೆಗಳಲ್ಲಿ ಇಟ್ಟಿತ್ತು. ಕ್ಲಿನೆನ್‌ಬರ್ಗ್ ಅವುಗಳನ್ನು ತೆರೆದು ಪತ್ರಗಳನ್ನೂ ಫೋಟೋಗಳನ್ನೂ ಒಂದೊಂದಾಗಿ ನೋಡಿದರು. ಬಂಧುಗಳು ಕೊನೆಗೂ ಸಿಗದ 41 ಜನರನ್ನು ಆಗಸ್ಟ್ ತಿಂಗಳಲ್ಲಿ ಹೋಮ್‌ವುಡ್ ಎಂಬಲ್ಲಿ ಒಂದೇ ಉದ್ದನೆಯ ಗುಂಡಿಯಲ್ಲಿ ಹೂಳಲಾಯಿತು.

1999ರ ಜುಲೈನಲ್ಲಿ ಶಿಕಾಗೋಗೆ ಮತ್ತೆ ಅಂಥದ್ದೇ ಸೆಖೆ ಬಂತು. ಈ ಬಾರಿ ನಗರಾಡಳಿತ ತಂಪು ಕೇಂದ್ರಗಳನ್ನು ತೆರೆದು, ಅಲ್ಲಿಗೆ ಉಚಿತ ಬಸ್ಸು ಬಿಟ್ಟಿತು. ವೃದ್ಧರಿಗೆ ದೂರವಾಣಿ ಕರೆ ಮಾಡಿಸಿತು. ಒಬ್ಬರೇ ಇರುವವರ ಮನೆಗೆ ಪೊಲೀಸರನ್ನೂ ನೌಕರರನ್ನೂ ಕಳಿಸಿ ಬಾಗಿಲು ತಟ್ಟಿಸಿತು. ಆ ಸಲ ಸತ್ತವರು 110.