ಅಶ್ವತ್ಥ್ ಮತ್ತು ನಾಗೇಗೌಡರು

ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂದುಕೊಂಡಿದ್ದ ನನಗೆ ಈ ಇಬ್ಬರ ಬದುಕು ಬೇರೆಯೇ ಇತಿಹಾಸವನ್ನು ತೋರಿಸಿತು.

ಮೈಸೂರಿನ ಕೆ.ಎಸ್. ಅಶ್ವತ್ಥ್ (1925–2010) 1950ರ ದಶಕದಲ್ಲಿ ಚಿತ್ರರಂಗಕ್ಕೆ ಬಂದರು. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರೂ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಪೋಷಕ ಪಾತ್ರಗಳೇ: ಅಪ್ಪ, ನಾರದ, ಮೇಷ್ಟ್ರು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರಕ್ಕೆ ವಿಷ್ಣುವರ್ಧನ್ ನಾಯಕ. ಆದರೆ ನಮ್ಮ ಅಪ್ಪ ಅಮ್ಮಂದಿರು ಇಂದಿಗೂ ಚಾಮಯ್ಯ ಮೇಷ್ಟ್ರನ್ನು ಮರೆತಿಲ್ಲ.

ಎಚ್.ಎಲ್. ನಾಗೇಗೌಡರು (1915–2005) ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ಜಿಲ್ಲಾಧಿಕಾರಿಯಾಗಿದ್ದರೂ ಅವರ ಮನಸ್ಸು ಹಳ್ಳಿಯ ಹಾಡುಗಳಲ್ಲಿತ್ತು. ರಾಗಿ ಬೀಸುತ್ತಾ, ನಾಟಿ ಮಾಡುತ್ತಾ ಹಾಡುತ್ತಿದ್ದವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಅಂಥವರ ಪದಗಳನ್ನು ಗೌಡರು ಸಂಗ್ರಹಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ ‘ಜಾನಪದ ಲೋಕ’ ತೆರೆಯಿತು. 1995ರ ಮುಧೋಳ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಒಬ್ಬರು ಪಕ್ಕದಲ್ಲಿ ನಿಲ್ಲುವ ಪಾತ್ರಕ್ಕೆ ಜೀವ ಕೊಟ್ಟರು. ಇನ್ನೊಬ್ಬರು ಪಕ್ಕಕ್ಕೆ ಸರಿದಿದ್ದ ಜನರಿಗೆ ಜಾಗ ಕೊಟ್ಟರು.

ದುಬೈ, ಅಬುಧಾಬಿಯಲ್ಲಿ ಬೆಳೆದ ನಮ್ಮ ದಿನಚರಿಯಲ್ಲಿ ಕನ್ನಡವೂ ಪೋಷಕ ಪಾತ್ರವೇ. ಐದು ದಿನ ಇಂಗ್ಲಿಷ್, ರಜೆಯ ದಿನ ಸ್ವಲ್ಪ ಹೊತ್ತು ಕನ್ನಡ. ಅಷ್ಟೇ ಹೊತ್ತಿನಲ್ಲಿ ನಮ್ಮ ಶಿಕ್ಷಕರು ನಮಗೆ ಓದು ಬರಹ ಕಲಿಸಿದರು. ಇನ್ನು ಮುಂದೆ ನಮ್ಮ ಹಾಜರಿ ಕೂಗುವವರಿಲ್ಲ. ಕಲಿತದ್ದನ್ನು ಉಳಿಸಿಕೊಳ್ಳುವುದೂ ಬಿಡುವುದೂ ನಮಗೇ ಸೇರಿದ್ದು. ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕನ್ನಡ ಅಕ್ಷರದಲ್ಲೇ ಬರೆದಿಡಬೇಕೆಂದಿದ್ದೇನೆ.