ಗಾಜಿನ ಹಿಂದಿನ ಕಾಡು

2014ರ ಒಂದು ಸಂಜೆ ನಾವು ಕಚೇರಿಯಿಂದ ಮನೆಗೆ ಬಂದಾಗ, ಒಂದನೆಯ ತರಗತಿಯಲ್ಲಿದ್ದ ಮಗಳು ಮುಖ ಊದಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದಳು. ಶಾಲೆಯಲ್ಲಿ ಕೊಟ್ಟ ಹಾಳೆಯಲ್ಲಿ ಎಡಗಡೆ ಪ್ರಾಣಿಗಳ ಚಿತ್ರ. ಬಲಗಡೆ ಅವುಗಳ ಮನೆ ಯಾವುದೆಂದು ಬರೆಯಬೇಕು. ಹಸುವಿನ ಎದುರು ಆಕೆ ‘ರಸ್ತೆ’ ಎಂದು ಬರೆದಿದ್ದಳು. ಸಿಂಹದ ಎದುರು ‘ಪುರಾನಾ ಕಿಲಾ’. ಎರಡರ ಮೇಲೂ ಕೆಂಪು ಗೆರೆ ಬಿದ್ದಿತ್ತು. ದೆಹಲಿಯ ಮೃಗಾಲಯ ಇರುವುದು ಪುರಾನಾ ಕಿಲಾದ ಮಗ್ಗುಲಲ್ಲೇ. ಹಸುಗಳ ವಾಸಸ್ಥಾನ ಯಾವುದೆಂಬುದನ್ನು ಈ ಊರಿನಲ್ಲಿ ಸ್ಕೂಟರ್ ಓಡಿಸುವವರಿಗೆ ಹೇಳಿಕೊಡಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಬರೆದ ಮಗುವಿನ ತಪ್ಪೇನು?

ನಮಗೆ ಈ ಪಾಠ ಶಾಲೆಗಿಂತ ಮುಂಚೆ ಅಜ್ಜಿಯ ಬಾಯಲ್ಲಿ ಆಗಿತ್ತು. ಗೋವಿನ ಹಾಡು ಕೇಳಿ ಬೆಳೆದ ಮಗುವಿಗೆ ಗೊಲ್ಲನ ದೊಡ್ಡಿ, ದನ ಮೇಯುವ ಕಾಡು, ಹುಲಿಯ ಗವಿ ಇವೆಲ್ಲ ಒಂದೇ ದಾರಿಯ ಗುಂಟ ಇರುವ ಜಾಗಗಳೆಂದು ತಾನಾಗಿಯೇ ತಿಳಿಯುತ್ತದೆ. ಆದರೆ ದೊಡ್ಡಿ ಎಂದರೇನೆಂದು ತೋರಿಸಲು ನಮ್ಮ ಸರ್ಕಾರಿ ವಸತಿಯ ಆಸುಪಾಸಿನಲ್ಲಿ ಏನೂ ಇರಲಿಲ್ಲ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದೇವೆಂಬ ಹಮ್ಮಿನಿಂದ ಬಾಯಿಮಾತಿನಲ್ಲಿ ವಿವರಿಸಹೊರಟೆವು, ಆಕೆ ಆಕಳಿಸಿದಳು. ಮುಂದಿನ ಭಾನುವಾರ ಮನೆಮಂದಿಯೆಲ್ಲ ಮಂಡಿ ಹೌಸ್ ಬಳಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೊರಟೆವು.

ಅಲ್ಲಿ ಗಾಜಿನ ಹಿಂದೆ ಪ್ರಾಣಿ ಒಂಟಿಯಾಗಿರಲಿಲ್ಲ. ಅದರ ಕಾಲಡಿಯ ಮಣ್ಣು, ಹುಲ್ಲು, ಪಕ್ಕದ ಮರ, ಹಿಂದೆ ಬಣ್ಣದಲ್ಲಿ ಬರೆದ ಆಕಾಶ ಎಲ್ಲವೂ ಇದ್ದವು. ಇಂಥ ದೃಶ್ಯಕ್ಕೆ ಡಯೋರಾಮಾ ಎಂದು ಹೆಸರು. ಇದನ್ನು ಕಟ್ಟುವ ವಿದ್ಯೆಗೆ ಒಂದು ಚರಿತ್ರೆಯೇ ಇದೆ.

ಹತ್ತೊಂಬತ್ತನೆಯ ಶತಮಾನದ ಬಹುಪಾಲು ವಸ್ತುಸಂಗ್ರಹಾಲಯಗಳಲ್ಲಿ ಪ್ರಾಣಿಗಳು ನಮ್ಮ ಕಚೇರಿಯ ಕಡತಗಳಂತೆ ವರ್ಗವಾರು ಸಾಲಾಗಿ ನಿಂತಿದ್ದವು. ಆಫ್ರಿಕದ ಚಿರತೆಯ ಮಗ್ಗುಲಲ್ಲಿ ಅಮೆರಿಕದ ಪ್ಯೂಮಾ. ಕೆಳಗೊಂದು ಲ್ಯಾಟಿನ್ ಚೀಟಿ. ಚರ್ಮಕ್ಕೆ ಒಣಹುಲ್ಲು ತುಂಬಿ ಹೊಲಿದುಬಿಟ್ಟರೆ ಕೆಲಸ ಮುಗಿಯಿತು. ಇದಕ್ಕೆ ಬೇಸತ್ತ ಕಾರ್ಲ್ ಏಕ್ಲಿ ಎಂಬ ಅಮೆರಿಕದ ತರುಣ 1890ರಲ್ಲಿ, ತನ್ನ ಇಪ್ಪತ್ತಾರರ ಪ್ರಾಯದಲ್ಲಿ, ಮಿಲ್ವಾಕೀ ನಗರದ ಸಂಗ್ರಹಾಲಯಕ್ಕಾಗಿ ಒಂದು ಸಣ್ಣ ದೃಶ್ಯ ಕಟ್ಟಿದ. ಅವನು ಆರಿಸಿಕೊಂಡದ್ದು ಸಿಂಹವನ್ನಲ್ಲ, ಆನೆಯನ್ನಲ್ಲ; ಆ ಸೀಮೆಯ ಜೌಗಿನಲ್ಲಿ ಬದುಕುವ ಮಸ್ಕ್‌ರ್ಯಾಟ್ ಎಂಬ ಇಲಿಯ ಬಳಗದ ಪ್ರಾಣಿಯನ್ನು. ನೀರಿನ ಮೇಲೂ ಕೆಳಗೂ ಒಟ್ಟಿಗೆ ಕಾಣುವಂತೆ ಜೌಗನ್ನೇ ಕತ್ತರಿಸಿ ನಿಲ್ಲಿಸಿದ ಹಾಗಿತ್ತು ಅದು. ಒಂದು ಈಜುತ್ತಿದೆ, ಒಂದು ದಡದಲ್ಲಿದೆ, ಜೊಂಡಿನ ಗೂಡಿನ ಒಳಗು ಕೂಡ ನೋಡುವವರ ಕಣ್ಣಿಗೆ ತೆರೆದಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಆ ಊರಿನ ಮಕ್ಕಳು ಆ ಗಾಜಿಗೆ ಮೂಗು ಒತ್ತಿ ನಿಂತಿದ್ದಾರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಗಾಜಿನೊಳಗೆ ಕಾಡು ಕಟ್ಟಲು ನಿಜವಾದ ಕಾಡಿನಲ್ಲಿ ಗುಂಡು ಹಾರಿಸಬೇಕಾಗಿತ್ತು. 1921ರಲ್ಲಿ ಏಕ್ಲಿ ಬೆಲ್ಜಿಯನ್ ಕಾಂಗೋದ ಬೆಟ್ಟಗಳಿಗೆ ಹೋಗಿ ನ್ಯೂಯಾರ್ಕಿನ ಸಂಗ್ರಹಾಲಯಕ್ಕಾಗಿ ಗೊರಿಲ್ಲಾಗಳನ್ನು ಕೊಂದ. ಸತ್ತುಬಿದ್ದ ಪ್ರಾಣಿಯ ಮುಂದೆ ನಿಂತಾಗ ತಾನು ಕೊಲೆಗಾರನೆಂಬ ಭಾವ ಅವನನ್ನು ಕಾಡಿತು. ಅವುಗಳಿಗೊಂದು ಅಭಯಸ್ಥಾನ ಬೇಕೆಂದು ಬೆಲ್ಜಿಯಮ್ಮಿನ ದೊರೆ ಆಲ್ಬರ್ಟನನ್ನು ಒಪ್ಪಿಸಲು ಶ್ರಮಿಸಿದವರಲ್ಲಿ ಅವನು ಮುಖ್ಯನಾದ. 1925ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಮರುವರ್ಷ ಅದೇ ಬೆಟ್ಟಗಳಿಗೆ ಮತ್ತೆ ಹೋದ ಏಕ್ಲಿ ಅಲ್ಲೇ ಕಾಯಿಲೆಯಿಂದ ಸತ್ತು ಅಲ್ಲಿನ ಮಣ್ಣಿಗೇ ಸೇರಿದ. ಅವನ ಹೆಸರಿನ ಸಭಾಂಗಣ ನ್ಯೂಯಾರ್ಕಿನಲ್ಲಿ ತೆರೆದದ್ದು 1936ರಲ್ಲಿ.

ಅದೇ ಕಾಲಕ್ಕೆ ನಮ್ಮ ಮೈಸೂರಿನಲ್ಲಿ ನಡೆಯುತ್ತಿದ್ದುದೇನು? ವ್ಯಾನ್ ಇಂಗೆನ್ ಎಂಬ ಮನೆತನದ ಕಾರ್ಖಾನೆಯಲ್ಲಿ ಸಹಸ್ರಾರು ಹುಲಿ ಚಿರತೆಗಳ ಚರ್ಮ ಹದಗೊಂಡು, ತಲೆಗಳು ಬಾಯಿ ತೆರೆದು ಅರಮನೆಗಳ, ಬಂಗಲೆಗಳ ಗೋಡೆ ಏರುತ್ತಿದ್ದವು. ಕೈಚಳಕದಲ್ಲಿ ಅವರನ್ನು ಮೀರಿಸಿದವರು ಲೋಕದಲ್ಲಿ ವಿರಳ. ಆದರೆ ಗೋಡೆಯ ಮೇಲಿನ ಹುಲಿ ಮಗುವಿಗೆ ಹೇಳುವುದು ಬೇಟೆಯಾಡಿದವನ ವಿಷಯವನ್ನೇ ಹೊರತು ಹುಲಿಯ ವಿಷಯವನ್ನಲ್ಲ. ಭಾರತದಲ್ಲಿ ಪ್ರಾಣಿಯನ್ನು ಅದರ ನೆಲೆಯೊಂದಿಗೆ ತೋರಿಸುವ ಕೆಲಸ ಚೆನ್ನಾಗಿ ನಡೆದ ಜಾಗಗಳಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯ ಒಂದು. (ಈಗ ಅದಕ್ಕೆ ಛತ್ರಪತಿ ಶಿವಾಜಿಯ ಹೆಸರು.) 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹವೂ ಅದರ ಕ್ಯುರೇಟರ್ ಎಸ್. ಎಚ್. ಪ್ರೇಟರರ ದುಡಿಮೆಯೂ ಅದರ ಹಿಂದಿದ್ದವು. ಅಲ್ಲಿನ ರಾಜಹಂಸ, ಮಂಗಟ್ಟೆ, ಕಾಡುಕೋಣಗಳನ್ನು ಮುಂಬಯಿಯ ನಮ್ಮ ಬಂಧುಗಳು ಮಕ್ಕಳಿಗೆ ತೋರಿಸಿಯೇ ಇರುತ್ತಾರೆ.

ದೆಹಲಿಯದು ಇವಕ್ಕಿಂತ ಕಿರಿಯದು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಯೋಜನೆಯಾಗಿ, 1978ರ ಜೂನ್ 5ರಂದು, ವಿಶ್ವ ಪರಿಸರ ದಿನದಂದೇ ತೆರೆಯಿತು. ಸ್ವಂತ ಕಟ್ಟಡವಿರಲಿಲ್ಲ, ವ್ಯಾಪಾರ ಮಂಡಳಿಯೊಂದರ ಬಹುಮಹಡಿ ಕಟ್ಟಡದಲ್ಲೇ ಅದರ ಬಿಡಾರ. ಬಾಡಿಗೆ ಮನೆಯಲ್ಲೇ ಆಯಸ್ಸು ಕಳೆಯುವ ನಮ್ಮಂಥವರಿಗೆ ಅದರ ಮೇಲೆ ವಿಶೇಷ ಮಮತೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಚಿಕ್ಕ ಮಕ್ಕಳಿಗೆಂದೇ ಅಲ್ಲೊಂದು ಕೋಣೆ ಇತ್ತು. ಉಳಿದೆಡೆ ‘ಮುಟ್ಟಬೇಡಿ’ ಎಂಬ ಹಲಗೆಯಾದರೆ ಅಲ್ಲಿ ಮುಟ್ಟುವುದೇ ಪಾಠ. ಮಗಳು ಅಂದು ಎಷ್ಟು ಹೊತ್ತಾದರೂ ಆ ಕೋಣೆ ಬಿಟ್ಟು ಏಳಲಿಲ್ಲ. ಹೊರಬಂದ ಮೇಲೆ ಸಿಂಹ ಇರುವುದು ಗುಜರಾತಿನ ಗಿರ್ ಸೀಮೆಯ ಒಣಕಾಡಿನಲ್ಲಿ ಎಂದು ನಮಗೇ ಪಾಠ ಹೇಳಿದಳು. ಹಸುವಿನ ವಿಷಯದಲ್ಲಿ ಮಾತ್ರ ಆಕೆಯ ಅಭಿಪ್ರಾಯ ಬದಲಾಗಲಿಲ್ಲ.

2016ರ ಏಪ್ರಿಲ್ 26ರಂದು, ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ, ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಳಗಾಗುವುದರೊಳಗೆ ಸಂಗ್ರಹಾಲಯ ಸುಟ್ಟು ಹೋಗಿತ್ತು. ಬಸ್ಸಿನ ಕಿಟಕಿಯಿಂದ ಮಸಿ ಹಿಡಿದ ಗೋಡೆಗಳನ್ನು ನೋಡಿದಾಗ ನಮಗೆ ಮೊದಲು ನೆನಪಾದದ್ದು ಮಕ್ಕಳ ಆ ಕೋಣೆ. ಮಗಳಿಗೆ ಎರಡು ದಿನ ತಿಳಿಸಲಿಲ್ಲ.

ಅದೇ ಸಂಸ್ಥೆಯ ಮೊದಲ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. 1995ರ ಮೇ 20ರಂದು ಕಾರಂಜಿ ಕೆರೆಯ ದಂಡೆಯಲ್ಲಿ ಆರಂಭವಾದದ್ದು. ರಜಕ್ಕೆ ಊರಿಗೆ ಹೋದಾಗ ಇಬ್ಬರು ಮಕ್ಕಳನ್ನೂ ಕರೆದೊಯ್ದೆವು. ದೆಹಲಿಯದನ್ನು ನೋಡುವ ಭಾಗ್ಯವಿಲ್ಲದ ಕಿರಿಯವನು ಗಾಜಿನ ಮುಂದೆ ನಿಂತು, “ಇದು ಇವುಗಳ ನಿಜವಾದ ಊರೋ, ಬಾಡಿಗೆಯದೋ?” ಎಂದು ಕೇಳಿದ. ನಾವು ಉತ್ತರ ಹುಡುಕುತ್ತಿರುವಾಗಲೇ ಅಕ್ಕ ಅವನ ಕೈ ಹಿಡಿದು ಹೊರಗೆ ಕೆರೆಯ ಕಡೆಗೆ ಎಳೆದುಕೊಂಡು ಹೋದಳು. ನೀರಿನ ಆಚೆಯ ಮರದ ಮೇಲೆ ಕೊಕ್ಕರೆಗಳು ಗದ್ದಲವೆಬ್ಬಿಸಿದ್ದವು.