ಆಲ್ಸೇಶಿಯನ್ ಅಂದ್ರ ಯಾವ ನಾಯಿ?

ನಾವು ಸಣ್ಣವರಿದ್ದಾಗ ನಮ್ಮ ಓಣ್ಯಾಗ ನಾಯಿ ಎರಡ ಥರಾ ಇದ್ದವು. ಒಂದು ಓಣಿ ನಾಯಿ, ಇನ್ನೊಂದು ಜಾತಿ ನಾಯಿ. ಜಾತಿ ನಾಯಿ ಅಂದ್ರ ಆಲ್ಸೇಶಿಯನ್. ಡಾಕ್ಟರ ಮನ್ಯಾಗ ಒಂದಿತ್ತು. ಸಾಲಿಗೆ ಹೋಗುವಾಗ ಆ ಗೇಟಿನ ಮುಂದ ಪಾಟಿಚೀಲ ಎದಿಗೆ ಅವಚಿಕೊಂಡು ಓಡತಿದ್ವಿ. ಅದಕ್ಕ ದಿನಾ ಒಂದು ಕಿಲೋ ಮಾಂಸ ಬೇಕಂತ, ಮೈಯಾಗ ತ್ವಾಳದ ರಕ್ತ ಐತಂತ, ಒಮ್ಮೆ ಹಿಡೀತಂದ್ರ ಬಿಡಂಗಿಲ್ಲಂತ. ಹಿಂಗ ಹೇಳಿದವರೊಳಗ ಒಬ್ಬರೂ ಆ ಗೇಟಿನ ಒಳಗ ಕಾಲಿಟ್ಟವರಲ್ಲ.

ನನಗ ಕಡದದ್ದು ಆ ನಾಯಿ ಅಲ್ಲ. ನಮ್ಮ ಮಾವಶಿ ಮನ್ಯಾಗಿನ ಬಿಳೀ ಪಾಮೇರಿಯನ್ನು. ಉಣ್ಣುವಾಗ ಅದರ ತಾಟಿನ ಹತ್ರ ಕೈ ಒಯ್ದೆ, ಕಚ್ಚಿಬಿಡ್ತು. ಆಗಿನ ಕಾಲಕ್ಕ ಹೊಟ್ಟಿಗೆ 14 ಸೂಜಿ. ನಿಮ್ಮೊಳಗ ಆ ಸೂಜಿ ಚುಚ್ಚಿಸಿಕೊಂಡವರು ಇದ್ರ ನಾ ಹೇಳೋದು ಬ್ಯಾಡ, ನೆನಪಿದ್ದೇ ಇರ್ತೈತಿ. (ಈಗ ತೋಳಿಗೆ ನಾಕೈದು ಸೂಜಿ ಅಷ್ಟ. ಆದ್ರ ಯಾವ ನಾಯಿ ಕಡದ್ರೂ ಮೊದಲ ಗಾಯಾ ಸಬಕಾರ ಹಚ್ಚಿ 15 ನಿಮಿಷ ಹರಿಯೋ ನೀರಾಗ ತೊಳೀರಿ, ಅರಿಷಿಣ ಒತ್ತಿ ಕೂಡಬ್ಯಾಡ್ರಿ, ಆಮ್ಯಾಲ ಸೀದಾ ದವಾಖಾನಿಗೆ ಹೋಗ್ರಿ.) ಇಷ್ಟಾದ್ರೂ ಪಾಮೇರಿಯನ್ನಿಗೆ ಯಾರೂ ಕೆಟ್ಟ ಹೆಸರು ಇಡ್ಲಿಲ್ಲ. "ಪಾಪ, ಅಂಜಿ ಕಡದೈತಿ, ನೀನ ಕೈ ಹಾಕಿದ್ದಿ" ಅಂದ್ರು ಮಾವಶಿ. ಅವರು ಹೇಳಿದ್ದು ಖರೇನ ಇತ್ತು. ಡಾಕ್ಟರ ಮನಿ ನಾಯಿ ಕಡದಿದ್ರ ಈ ಮಾತು ಯಾರರ ಅಂತಿದ್ರೇನು?

ಇದನ್ನೆಲ್ಲಾ ಈಗ ಯಾಕ ತಗದೆ ಅಂದ್ರ, 2024ರ ಮಾರ್ಚ್ ತಿಂಗಳದಾಗ ನಾನೂ ಒಂದು ಕಾಗದಕ್ಕ ಸಹಿ ಮಾಡಿದೆ. ನಮ್ಮ ಓಣಿ ಕೊನೀ ಮನಿಯವರು ಒಂದು ರಾಟ್‌ವೈಲರ್ ಸಾಕಿದ್ರು. ಹೆಣ್ಣು, ಆರು ವರ್ಷದ್ದು, ಹೆಸರು ಬಂಗಾರಿ. ಟಿವಿಯಾಗ ಅಪಾಯದ ನಾಯಿಗಳ ಪಟ್ಟಿ ಬಂತು, ಅದರಾಗ ರಾಟ್‌ವೈಲರ್ ಇತ್ತು. "ಇದನ್ನ ಊರು ಬಿಡಿಸ್ರಿ" ಅಂತ ಓಣಿಯವರೆಲ್ಲಾ ಬರದ ಕಾಗದ ನಮ್ಮ ಮನಿಗೂ ಬಂತು. ಕೈಯಾಗ ಹಿಟ್ಟಿತ್ತು, ಸೆರಗಿಗೆ ಒರಸಿಕೊಂಡು ಸಹಿ ಮಾಡಿ ಕಳಿಸಿದೆ. ಆ ನಾಯಿ ಆರು ವರ್ಷದಾಗ ಯಾರಿಗೂ ಕಡದಿದ್ದಿಲ್ಲ. ಆಮ್ಯಾಲ ಮನಸ್ಸು ಸುಮ್ಮನ ಕೂಡಲಿಲ್ಲ. ನಾಯಿಗಳ ಹಕೀಕತ್ತು ಓದಾಕ ಹತ್ತಿದೆ. ಮೊದಲ ಹುಡುಕಿದ್ದು ನಮ್ಮ ಆಲ್ಸೇಶಿಯನ್ನನ್ನ.

ಖರೇ ಹೇಳಬೇಕಂದ್ರ ಆಲ್ಸೇಶಿಯನ್ ಅನ್ನೋದು ಬ್ಯಾರೆ ನಾಯಿನ ಅಲ್ಲ. ಈಗಿನ ಹುಡುಗ್ರು ಜರ್ಮನ್ ಶೆಫರ್ಡ್ ಅಂತಾರಲ್ಲಾ, ಅದ. ಶೆಫರ್ಡ್ ಅಂದ್ರ ಕುರುಬ. ಜರ್ಮನಿ ದೇಶದಾಗ ಕುರಿ ಹಿಂಡು ಕಾಯೋ ನಾಯಿ. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅಂತ ಒಬ್ಬ ಕುದುರಿ ದಂಡಿನ ಅಧಿಕಾರಿ 1899ರಾಗ ಇಂಥಾದ್ದೊಂದು ನಾಯಿ ಕೊಂಡು, ಅದರಿಂದ ಈ ತಳಿ ಬೆಳೆಸಿದ. ಮುಂದ 1914ಕ್ಕ ಮೊದಲನೇ ಮಹಾಯುದ್ಧ ಶುರು ಆತು. ಇಂಗ್ಲೆಂಡಿನವರಿಗೆ ಜರ್ಮನ್ ಅನ್ನೋ ಶಬ್ದ ಕೇಳಿದ್ರ ಮೈ ಉರೀತಿತ್ತು. ಅವರ ರಾಜನ ಮನೆತನದವರಿಗೂ ಜರ್ಮನ್ ಅಡ್ಡಹೆಸರಿತ್ತು. 1917ರಾಗ ಅದನ್ನ ಬಿಟ್ಟು ವಿಂಡ್ಸರ್ ಅಂತ ಇಟ್ಟುಕೊಂಡ್ರು. ರಾಜನ ಹೆಸರ ಉಳೀಲಿಲ್ಲ, ನಾಯಿದು ಎಲ್ಲಿ ಉಳೀಬೇಕು?

ಯುದ್ಧ ಮುಗಿಸಿಕೊಂಡು ಬಂದ ಸಿಪಾಯಿಗಳಿಗೆ ಈ ನಾಯಿ ಭಾಳ ಮನಸ್ಸಿಗೆ ಬಂದಿತ್ತು. ಆದ್ರ ಜರ್ಮನ್ ಅನ್ನಂಗಿಲ್ಲ. ಅದಕ್ಕ 1919ರಾಗ ಅಲ್ಲಿಯ ಕೆನೆಲ್ ಕ್ಲಬ್ಬಿನವರು ಪುಸ್ತಕದಾಗ ಬರಕೊಳ್ಳುವಾಗ "ಆಲ್ಸೇಶಿಯನ್ ವುಲ್ಫ್ ಡಾಗ್" ಅಂತ ಬರಕೊಂಡ್ರು. ಆಲ್ಸಾಸ್ ಅನ್ನೋದು ಫ್ರಾನ್ಸ್ ಮತ್ತ ಜರ್ಮನಿ ನಡುವಿನ ಸೀಮಿ. ವುಲ್ಫ್ ಅಂದ್ರ ತ್ವಾಳ. ನೋಡ್ರಿ ಜಾಣತನಾ! ಜರ್ಮನಿ ಹೆಸರು ತಗದು ತ್ವಾಳದ ಹೆಸರು ಹಚ್ಚಿದ್ರು. ಸ್ವಲ್ಪ ವರ್ಷಕ್ಕ ವುಲ್ಫ್ ಅನ್ನೋದನ್ನ ಕೈಬಿಟ್ರು, ಆದ್ರ ಅಷ್ಟೊತ್ತಿಗೆ ಜನರ ತಲ್ಯಾಗ ಅದು ಕುಂತಾಗಿತ್ತು. ಇಂಗ್ಲೆಂಡಿನಾಗ ಆ ನಾಯಿಗೆ ತನ್ನ ಖರೇ ಹೆಸರು ತಿರುಗಿ ಸಿಕ್ಕದ್ದು 1977ರಾಗ. ಇಂಗ್ಲಿಷರು ಇಟ್ಟ ಹೆಸರನ್ನ ನಾವು ಹಂಗ ಉಳಿಸಿಕೊಂಡು ಬಂದೀವಿ. ಡಾಕ್ಟರ ಗೇಟಿನ ಮುಂದ ನಾವು ಅಂಜಿ ಓಡಿದ್ವಲ್ಲಾ, ಆ ತ್ವಾಳದ ಮಾತಿನ ಬ್ಯಾರು ನನಗ ಅಲ್ಲೇ ಕಂಡಿತು.

ಆಸ್ಟ್ರೇಲಿಯಾದಾಗ ಇದು ಇನ್ನೂ ಮುಂದಕ್ಕ ಹೋತು. ಅದು ಕುರಿಗಳ ದೇಶ. ಅಲ್ಲಿ ಡಿಂಗೋ ಅಂತ ಕಾಡುನಾಯಿ ಅದಾವ, ಕುರಿ ಹಿಡೀತಾವ. ಈ ಆಲ್ಸೇಶಿಯನ್ ಡಿಂಗೋ ಜೋಡಿ ಕೂಡಿ ಮರಿ ಹಾಕಿದ್ರ ಕುರಿ ಒಂದೂ ಉಳಿಯಂಗಿಲ್ಲಂತ ಕುರಿ ಸಾಕೋರು ಹುಯಿಲೆಬ್ಬಿಸಿದ್ರು. 1929ರಾಗ ಸರ್ಕಾರ ಆ ನಾಯಿ ಹೊರಗಿಂದ ತರೋದನ್ನ ಬಂದ್ ಮಾಡ್ತು. ಆ ಬಂದಿ ತಗದದ್ದು 1970ರ ದಶಕದಾಗ. ಕುರಿ ಕಾಯಾಕ ಬೆಳೆಸಿದ ನಾಯಿನ ಕುರಿ ತಿಂತೈತಂತ 40 ವರ್ಷಕ್ಕಿಂತ ಹೆಚ್ಚು ಹೊರಗಿಟ್ರು.

ಅದ 1929ರಾಗ ಅಮೆರಿಕಾದಾಗ ಏನಾತು ಕೇಳ್ರಿ. ಕಣ್ಣಿಲ್ಲದವರಿಗೆ ದಾರಿ ತೋರಸೋ ನಾಯಿ ತಯಾರ ಮಾಡೋ "ಸೀಯಿಂಗ್ ಐ" ಅನ್ನೋ ಸಂಸ್ಥೆ ಶುರು ಆತು. ಮಾರಿಸ್ ಫ್ರಾಂಕ್ ಅನ್ನೋ ಕುರುಡ ಹುಡುಗ ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ನಾಯಿ ತಂದಿದ್ದ, ಹೆಸರು ಬಡ್ಡಿ. ಗಾಡಿ ಮೋಟಾರು ತುಂಬಿದ ರಸ್ತಾದಾಗ ಅದರ ಕೈಗಂಬಿ ಹಿಡಕೊಂಡು ನಡದು ತೋರಿಸಿದ. ಬಡ್ಡಿ ಯಾವ ತಳಿ? ಜರ್ಮನ್ ಶೆಫರ್ಡ್. ಒಂದ ವರ್ಷ, ಒಂದ ನಾಯಿ. ಒಂದು ದೇಶದಾಗ ತ್ವಾಳ, ಇನ್ನೊಂದು ದೇಶದಾಗ ಕುರುಡನ ಕಣ್ಣು. ಇದನ್ನ ಓದಿದ ದಿನ ನಾ ಒಲಿ ಮ್ಯಾಲಿನ ಹಾಲು ಉಕ್ಕಿಸಿದೆ.

ಅದಕ್ಕಿಂತ ಹಿಂದಕ್ಕ ಹೋದ್ರ ಅಂಜಸೋ ನಾಯಿ ಬ್ಯಾರೇನ ಇತ್ತು, ಬ್ಲಡ್‌ಹೌಂಡ್. ಅಮೆರಿಕಾದಾಗ ಕರಿಯರನ್ನ ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕಾಲದಾಗ, ತಪ್ಪಿಸಿಕೊಂಡು ಓಡಿದವರ ಬೆನ್ನು ಹತ್ತಾಕ ನಾಯಿ ಬಿಡತಿದ್ರು. 1852ರಾಗ ಬಂದ "ಅಂಕಲ್ ಟಾಮ್ಸ್ ಕ್ಯಾಬಿನ್" ಕಾದಂಬರಿ ಮುಂದ ನಾಟಕ ಆಗಿ ಊರೂರು ತಿರುಗಿತು. ಅದರಾಗ ಎಲಿಜಾ ಅನ್ನೋ ತಾಯಿ ಕೂಸಿನ್ನ ಎತ್ತಿಕೊಂಡು ಬರ್ಫ ತೇಲೋ ಹೊಳಿ ದಾಟ್ತಾಳ. ಕಾದಂಬರಿಯೊಳಗ ಆ ಜಾಗಾದಾಗ ನಾಯಿನ ಇಲ್ಲ! ನಾಟಕದವರು ಜನಾ ಕೂಡಸಾಕ ಸ್ಟೇಜಿನ ಮ್ಯಾಲ ನಾಯಿ ಬಿಟ್ರು. ಅವು ಎಷ್ಟೋ ಸಲ ಬ್ಲಡ್‌ಹೌಂಡ್ ಸುದ್ದಾ ಅಲ್ಲ, ಗ್ರೇಟ್ ಡೇನ್, ಮ್ಯಾಸ್ಟಿಫ್ ಅಂಥಾ ದೊಡ್ಡ ನಾಯಿಗಳು. ಖರೇ ಬ್ಲಡ್‌ಹೌಂಡು ಜೋತು ಬಿದ್ದ ಕಿವಿ, ಅಳಮೋತಿ ಮಾರಿ, ವಾಸನಿ ಹಿಡದು ಹೋಗೋ ಮೆತ್ತನ್ನ ಪ್ರಾಣಿ. ಅದರ ಕಡೆ ಕೆಟ್ಟ ಕೆಲಸ ಮಾಡಿಸಿದವರು ಮನುಷ್ಯಾರು, ಹೆಸರು ಕೆಟ್ಟದ್ದು ನಾಯಿದು.

ಆಮ್ಯಾಲ ಡಾಬರ್‌ಮನ್. ಇದರ ಸುದ್ದಿ ನಮ್ಮ ಮನ್ಯಾಗೂ ಇತ್ತು. "ಅದರ ಮೆದುಳು ಬೆಳಕೋಂತ ಹೋಗ್ತೈತಿ, ತಲಿಬುರಡಿ ಬೆಳಿಯಂಗಿಲ್ಲ, ಹುಚ್ಚ ಹಿಡದು ಸಾಕಿದವರನ್ನ ಕಡೀತೈತಿ" ಅಂತ ನಮ್ಮ ಕಾಕಾ ಹೇಳತಿದ್ರು. ನಿಮ್ಮ ಮನ್ಯಾಗೂ ಯಾರರ ಹೇಳಿರಬೇಕು. ಇದು ಶುದ್ಧ ಸುಳ್ಳು, ಯಾವ ನಾಯಿ ಮೆದುಳೂ ಹಂಗ ಬೆಳಿಯಂಗಿಲ್ಲ. ಇದ ಸುಳ್ಳು ಅಮೆರಿಕಾದಾಗೂ ಓಡ್ಯಾಡಿತ್ತು. ಈ ತಳಿ ಬೆಳೆಸಿದಾತ ಜರ್ಮನಿಯ ಅಪೋಲ್ಡಾ ಊರಿನ ಕಾರ್ಲ್ ಡಾಬರ್‌ಮನ್, ಕರಾ ವಸೂಲಿ ಮಾಡೋನು. ರೊಕ್ಕದ ಚೀಲಾ ಹಿಡಕೊಂಡು ತಿರಗೋನಿಗೆ ಜೋಡಿ ಒಂದು ಕಾವಲು ಬೇಕಾಗಿತ್ತು. ಮುಂದ ಹಿಟ್ಲರನ ಸಿಪಾಯಿಗಳ ಕೈಯಾಗ ಇದನ್ನ ನೋಡಿ ನೋಡಿ ಜನಾ ಅಂಜಿದ್ರು. ಆದ್ರ ಅದ ಯುದ್ಧದಾಗ ಅಮೆರಿಕಾದ ಕಡಿಂದನೂ ಡಾಬರ್‌ಮನ್ ಹೋಗಿದ್ದವು. 1944ರಾಗ ಗುವಾಮ್ ದ್ವೀಪದಾಗ ಅವರ 25 ನಾಯಿ ಸತ್ತವು, ಹೆಚ್ಚಿನವು ಡಾಬರ್‌ಮನ್. ಅಲ್ಲೇ ಮಣ್ಣು ಮಾಡಿ, 25ರ ಹೆಸರೂ ಕಲ್ಲಿನಾಗ ಕೆತ್ಯಾರ, ಮ್ಯಾಲ ಒಂದು ಡಾಬರ್‌ಮನ್ ಮೂರ್ತಿ ಐತಿ.

ರಾಟ್‌ವೈಲರ್ ಅಂದ್ರ ರಾಟ್‌ವೈಲ್ ಅನ್ನೋ ಊರಿನ ದನಗಾರರ, ಕಟುಕರ ನಾಯಿ. ದನಾ ಹೊಡಕೊಂಡು ಸಂತಿಗೆ ಹೋಗೋದು ಅದರ ಉದ್ಯೋಗ. ರೈಲು ಬಂದು ಆ ಉದ್ಯೋಗ ಹೋತು. 1976ರಾಗ "ದಿ ಓಮನ್" ಅನ್ನೋ ಸಿನಿಮಾದಾಗ ಸೈತಾನನ ಕಾವಲಿಗೆ ಇದನ್ನ ನಿಲ್ಲಿಸಿದ್ರು. ಮುಂದಿಂದು ಹೇಳೋದೇನು ಬ್ಯಾಡ.

ಪಿಟ್‌ಬುಲ್ ಮಾತು ಸ್ವಲ್ಪ ಬ್ಯಾರೆ, ಅದನ್ನ ಮುಚ್ಚಿಡಂಗಿಲ್ಲ. ಇಂಗ್ಲೆಂಡಿನಾಗ ಗೂಳಿ ಮ್ಯಾಲ ನಾಯಿ ಬಿಟ್ಟು ಮಜಾ ನೋಡೋ ಆಟ ಇತ್ತು. 1835ರಾಗ ಅದನ್ನ ಕಾಯದೆ ಮಾಡಿ ನಿಲ್ಲಿಸಿದ ಮ್ಯಾಲ ಕದ್ದು ಮುಚ್ಚಿ ನಾಯಿ ನಾಯಿ ಕಾದಾಟ ಹಚ್ಚಿದ್ರು. ಆ ಕಾದಾಟಕ್ಕ ಬೆಳೆಸಿದ ನಾಯಿಗಳ ವಂಶ ಇದು. ದವಡಿ ಗಟ್ಟಿ, ಹಿಡದ್ರ ಗಾಯ ದೊಡ್ಡದು. 2022ರಾಗ ಲಖನೌದಾಗ ಮನ್ಯಾಗ ಸಾಕಿದ ಪಿಟ್‌ಬುಲ್ಲೇ ವಯಸ್ಸಾದ ತಾಯಿಯೊಬ್ಬಾಕಿನ್ನ ಕೊಂದಿತು. ಅಂಥಾ ಸುದ್ದಿ ಕೇಳಿ ಅಂಜಬ್ಯಾಡ್ರಿ ಅನ್ನಾಕ ನನಗ ಬಾಯಿಲ್ಲ. ನನಗೂ ಮೊಮ್ಮಕ್ಕಳು ಅದಾವ.

ಆದ್ರ ಇದ ಪಿಟ್‌ಬುಲ್ ಒಂದು ಕಾಲಕ್ಕ ಅಮೆರಿಕಾದ ಮುದ್ದಿನ ನಾಯಿ ಆಗಿತ್ತು. ಮೊದಲನೇ ಯುದ್ಧದಾಗ ಅವರ ದೇಶದ ಪ್ರಚಾರದ ಚಿತ್ರದಾಗ ಅದನ್ನ ಬರೀತಿದ್ರು, ಸಣ್ಣ ಹುಡುಗರ ಸಿನಿಮಾದಾಗ ಅವುಗಳ ಜೋಡಿ ಆಡತಿತ್ತು. 1980ರ ದಶಕದಾಗ ಪುಂಡರು ಅಂಜಸಾಕಂತ ಸಾಕಿದ್ರು, ಪತ್ರಿಕಿಯವರು ಅದರ ಹಲ್ಲಿನ ಫೋಟೋ ಹಾಕಿದ್ರು, ಅಂಜಸೋ ನಾಯಿನ ಬೇಕು ಅನ್ನೋರು ಮತ್ತ ಅದನ್ನ ಹುಡುಕಿಕೊಂಡು ಬಂದ್ರು. ಸರಪಳಿ, ಹಸಿವಿ, ಬಡತ. ಹಿಂಗ ಬೆಳೆದದ್ದು ಕಡದ್ರ ತಳಿಯ ತಪ್ಪು ಅಂತಾರ. 2007ರಾಗ ಅಮೆರಿಕಾದ ದೊಡ್ಡ ಆಟಗಾರ ಮೈಕಲ್ ವಿಕ್‌ನ ಜಾಗಾದಾಗ ಕಾದಾಟಕ್ಕಂತ ಇಟ್ಟ ಸುಮಾರು 50 ಪಿಟ್‌ಬುಲ್ ಸಿಕ್ಕವು. ಮೊದಲಾಗಿದ್ರ ಎಲ್ಲಾವನ್ನೂ ಸೂಜಿ ಕೊಟ್ಟು ಮುಗಸತಿದ್ರು. ಆ ಸಲ ಕೋರ್ಟಿನವರು ಒಂದೊಂದನ್ನ ಬ್ಯಾರೆ ಬ್ಯಾರೆ ಪರೀಕ್ಷಾ ಮಾಡಿಸಿದ್ರು. ಬಹುತೇಕ ಎಲ್ಲಾ ಬದುಕಿದವು, ಎಷ್ಟೋ ನಾಯಿ ಮಕ್ಕಳಿದ್ದ ಮನಿ ಸೇರಿದವು.

ಇಂಗ್ಲೆಂಡಿನವರು 1991ರಾಗ ಕಾಯದೆ ಮಾಡಿ ಪಿಟ್‌ಬುಲ್ ಸುದ್ದಾ ನಾಕು ತಳಿ ಬಂದ್ ಮಾಡಿದ್ರು. ನಾಯಿ ಕಡದು ದವಾಖಾನಿಗೆ ಬರೋರು ಕಡಿಮಿ ಆಗ್ಲಿಲ್ಲ, ಹೆಚ್ಚಾದ್ರು. ನೆದರ್ಲೆಂಡಿನವರೂ ಪಿಟ್‌ಬುಲ್ ಬಂದ್ ಮಾಡಿದ್ರು, ಅದರಿಂದ ಕಡಿತ ಇಳೀಲಿಲ್ಲಂತ 2008ರಾಗ ತಗದುಬಿಟ್ರು.

ಈಗ ನಮ್ಮ ಪಟ್ಟಿಗೆ ಬರೋಣು. 2024ರ ಮಾರ್ಚ್ 12ಕ್ಕ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯವರು ಎಲ್ಲಾ ರಾಜ್ಯಕ್ಕ ಬರದ್ರು. 23 ತಳಿ ಮತ್ತ ಅವುಗಳ ಮಿಶ್ರ ತಳಿ ತರಂಗಿಲ್ಲ, ಮಾರಂಗಿಲ್ಲ, ಈಗಾಗಲೇ ಸಾಕಿದವರು ಆಪರೇಶನ್ ಮಾಡಸಬೇಕು ಅಂತ. ನಾ ಆ ಪಟ್ಟಿ ಕುಂತು ಓದಿದೆ. ಕಾಂಗಲ್, ಟೋರ್ನ್ಯಾಕ್ ಅಂತ ನಾಲಿಗಿ ತಿರುಗದ ಹೆಸರು. ನಮ್ಮ ದೇಶದಾಗ ಅವನ್ನ ನೋಡಿದವರು ಎಷ್ಟು ಮಂದಿ? ಮತ್ತ ನಾವು ಅಂಜಿ ಬೆಳೆದ ಆಲ್ಸೇಶಿಯನ್, ಡಾಬರ್‌ಮನ್ ಅದರಾಗ ಇದ್ದಿಲ್ಲ! 40 ವರ್ಷದಾಗ ಅವು ಒಳ್ಳೇವಾದವೇನು? ನಾಯಿ ಬದಲಾಗಿಲ್ಲ, ಮನಿ ಮನ್ಯಾಗ ನೋಡಿ ನಮಗ ರೂಢಿ ಆದವು. ನಮ್ಮ ಮುಧೋಳ ನಾಯಿ ಬ್ಯಾಟಿ ನಾಯಿ, ಮೊಲ ಕಂಡ್ರ ಬಿಡಂಗಿಲ್ಲ. ನಮ್ಮ ಸೈನ್ಯದವರೂ ತೊಗೊಂಡು ತಯಾರ ಮಾಡ್ಯಾರ. ಅದರ ಗುರ್ತು ನಮಗ ಐತಿ, ಅದಕ್ಕ ಅದರ ಹೆಸರು ಯಾರೂ ಎತ್ತಂಗಿಲ್ಲ. ಜಾತಿ ಕೇಳಿ ಗುಣಾ ಹೇಳೋ ಚಟಾ ನಮಗ ನಾಯಿಯಿಂದ ಶುರು ಆದದ್ದಂತೂ ಅಲ್ಲ.

ಬೆಂಗಳೂರಿನಾಗ ನಾಯಿ ಸಾಕಿದವರು ಕೋರ್ಟಿಗೆ ಹೋಗಿದ್ರು. ಏಪ್ರಿಲ್ 10ಕ್ಕ ನಮ್ಮ ಕರ್ನಾಟಕ ಹೈಕೋರ್ಟು ಆ ಸುತ್ತೋಲೆ ರದ್ದು ಮಾಡ್ತು. ಸಂಬಂಧಪಟ್ಟವರನ್ನ ಯಾರನ್ನೂ ಕೇಳದ ಇದನ್ನ ಹೊರಡಿಸ್ಯಾರ, ಬೇಕಾದ್ರ ರೀತಿ ಪ್ರಕಾರ ಎಲ್ಲಾರನ್ನೂ ಕೇಳಿ ಹೊಸಾದು ಮಾಡ್ಲಿ ಅಂತ ಹೇಳ್ತು. ಒಂದು ತಿಂಗಳೂ ಪೂರಾ ಆಗಿದ್ದಿಲ್ಲ.

ಆ ಒಂದು ತಿಂಗಳದಾಗ ಬಂಗಾರಿ ಹೋಗಿಯಾಗಿತ್ತು. ಓಣಿಯವರ ಕಾಗದ ನೋಡಿ ಕೊನೀ ಮನಿಯವರು ಅದನ್ನ ನವಲಗುಂದ ಕಡೆ ಪರಿಚಯದವರ ಹೊಲಕ್ಕ ಬಿಟ್ಟು ಬಂದಿದ್ರು. ಅಲ್ಲಿಯ ಆಳುಗಳೂ ಟಿವಿ ನೋಡಿದವರ. ಹತ್ರ ಹೋಗಾಕ ಅಂಜಿ ಹಗಲೂ ರಾತ್ರಿ ಗಿಡಕ್ಕ ಸರಪಳಿ ಹಾಕಿ ಕಟ್ಟಿದ್ರಂತ, ರೊಟ್ಟಿ ದೂರದಿಂದ ಒಗೀತಿದ್ರಂತ. ಕೋರ್ಟಿನ ಸುದ್ದಿ ತಿಳಿದ ಮ್ಯಾಲ ಆ ಮನಿ ವೈನಿ ಗಂಡನ ಕೂಡ ಜಗಳಾಡಿ ಮೇ ತಿಂಗಳದಾಗ ತಿರುಗಿ ಕರಕೊಂಡು ಬಂದ್ರು. ಕುತ್ತಿಗಿ ಸುತ್ತ ಕೂದಲಾ ಹೋಗಿ ಚರ್ಮಾ ಕಾಣತಿತ್ತು.

ಮೊದಲ ಬಂಗಾರಿ ಬೊಗಳಿದ್ದು ನಾ ಕೇಳೇ ಇದ್ದಿಲ್ಲ. ಈಗ ಗೇಟಿನ ಸಪ್ಪಳಾದ್ರ ಸಾಕು, ಹಲ್ಲು ತಗದು ಬರ್ತೈತಿ. ಓಣ್ಯಾಗಿನವರು "ನಾವು ಹೇಳಿದ್ದಿಲ್ಲೇನ್ರಿ, ಜಾತಿನ ಅಂಥಾದ್ದು" ಅಂತಾರ. ನಾ ಸಹಿ ಮಾಡಿದ್ದು ವೈನಿಗೆ ಗೊತ್ತೈತಿ. ಒಂದು ದಿನ ಧೈರ್ಯಾ ಮಾಡಿ ಹೋಗಿ, ತಪ್ಪಾತ್ರಿ ಅಂದೆ. "ನೀವು ಒಬ್ಬರ ಏನು ಮಾಡಿದ್ರಿ ಬಿಡ್ರಿ" ಅಂದ್ರು, ಆದ್ರ ಒಳಗ ಬರ್ರಿ ಅನ್ಲಿಲ್ಲ. ಈಗ ಮುಂಜಾನೆ ಹೂವು ತರಾಕ ಹೋಗುವಾಗ ಆ ಗೇಟಿನ ಹೊರಗ ಸ್ವಲ್ಪ ಹೊತ್ತು ನಿಂತು ಮೆತ್ತಗ ಬಂಗಾರಿ ಅಂತ ಕರೀತೀನಿ. ಮೊದಲ ಬೊಗಳತೈತಿ. ಹೋದ ವಾರ ಎರಡು ದಿನ ಬೊಗಳೋದು ನಿಲ್ಲಿಸಿ ನನ್ನ ನೋಡಿಕೋತ ಕುಂತಿತ್ತು.